ದಮ್ಮು ಎಂಬ ಒಂದೇ ಮಾತು

ಮಳೆ ಹಿಡಿದು ಹದಿನೈದು ದಿನವಾದ ಮೇಲೆ ಬದಿಯಡ್ಕ, ಕುಂಬಳೆ, ಮಂಜೇಶ್ವರ, ಎಲ್ಲಿಯ ಆಸ್ಪತ್ರೆಯ ಚೀಟಿ ಕೌಂಟರಿನ ಎದುರು ನಿಂತರೂ ಕಿವಿಗೆ ಬೀಳುವ ದೂರು ಒಂದೇ. ಹವ್ಯಕರ ಅಜ್ಜಿ ‘ದಮ್ಮು ಕಟ್ಟುತ್ತು’ ಎನ್ನುತ್ತಾರೆ. ತುಳುವರು ‘ದಮ್ಮು ಕಟ್ಟುಂಡು’ ಎನ್ನುತ್ತಾರೆ. ಮಲಯಾಳದವರದು ‘ವಲಿವ್’. ಪುಸ್ತಕದ ಕನ್ನಡದಲ್ಲಿರುವ ಉಬ್ಬಸ, ಗೂರಲು ಎಂಬ ಪದಗಳು ನಮ್ಮ ಕಡೆಯ ಬಾಯಲ್ಲಿ ಅಷ್ಟಾಗಿ ಇಲ್ಲ. ಸಪ್ತಭಾಷೆಗಳ ಸಂಗಮಭೂಮಿ ಎಂದು ಪ್ರತಿ ಸಮಾರಂಭದ ಸ್ವಾಗತ ಭಾಷಣದಲ್ಲೂ ಹೊಗಳಿಸಿಕೊಳ್ಳುವ ಜಿಲ್ಲೆ ನಮ್ಮ ಕಾಸರಗೋಡು. ಅಷ್ಟು ಭಾಷೆ ಇದ್ದೂ ಉಸಿರಿನ ಕಷ್ಟಕ್ಕೆ ನಾವು ಇಟ್ಟುಕೊಂಡಿರುವುದು ಹೆಚ್ಚುಕಡಿಮೆ ಒಂದು ಮಾತು.

ಹೊಟ್ಟೆನೋವು ಎಂದರೆ ಅದು ರೋಗದ ಹೆಸರಲ್ಲ, ದೂರು ಮಾತ್ರ ಎಂದು ಎಲ್ಲರಿಗೂ ಗೊತ್ತು. ಗ್ಯಾಸೋ, ಕಲ್ಲೋ, ಅಪೆಂಡಿಕ್ಸೋ ಎಂದು ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ದಮ್ಮಿನ ವಿಷಯದಲ್ಲಿ ಹಾಗಲ್ಲ. ‘ಅವರಿಗೆ ದಮ್ಮು ಉಂಟು’ ಎಂದರೆ ಮಾತು ಮುಗಿಯಿತು. ಆಮೇಲೆ ಇಪ್ಪತ್ತು ವರ್ಷ ಅದೇ ಹಳೆಯ ಚೀಟಿ, ಅದೇ ಮೆಡಿಕಲ್ ಶಾಪಿನ ಅದೇ ಬಿಳಿ ಮಾತ್ರೆ. ಒಳಗೆ ಇರುವುದು ಅಸ್ತಮಾ ಆಗಿರಬಹುದು, ಹೊಗೆ ಕುಡಿದು ಸವೆದ ಶ್ವಾಸಕೋಶ ಆಗಿರಬಹುದು, ಹಳೆಯ ಕ್ಷಯದ ಕಲೆ ಆಗಿರಬಹುದು, ಸೋತ ಹೃದಯ ಆಗಿರಬಹುದು, ರಕ್ತಹೀನತೆಯೂ ಆಗಿರಬಹುದು. ಬಿ.ಪಿ. ಎಷ್ಟು, ಶುಗರ್ ಎಷ್ಟು ಎಂದು ಕೇಳಿದರೆ ಥಟ್ಟನೆ ಸಂಖ್ಯೆ ಹೇಳುವ ಹಿರಿಯರು ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಉಸಿರಿಗೂ ಒಂದು ಸಂಖ್ಯೆ ಉಂಟು ಎಂಬುದು ಮಾತ್ರ ಬಹಳ ಮಂದಿಗೆ ಗೊತ್ತಿಲ್ಲ.

ಸಂಖ್ಯೆಗೆ ಹೋಗುವ ಮುಂಚೆ ದಾರಿ ನೋಡೋಣ. ವಯಸ್ಕರೊಬ್ಬರು ಸುಮ್ಮನೆ ಕೂತಾಗ ನಿಮಿಷಕ್ಕೆ 12ರಿಂದ 16 ಸಲ, ಸಲಕ್ಕೆ ಸುಮಾರು ಅರ್ಧ ಲೀಟರಿನಂತೆ ಗಾಳಿ ಎಳೆಯುತ್ತಾರೆ. ದಿನದ ಲೆಕ್ಕಕ್ಕೆ ಇಪ್ಪತ್ತು ಸಾವಿರದಷ್ಟು ಉಸಿರು, ಹತ್ತು ಸಾವಿರ ಲೀಟರಿನಷ್ಟು ಗಾಳಿ. ಏಪ್ರಿಲಿನಲ್ಲಿ ಬಾವಿ ಬತ್ತಿದಾಗ ನೀರು ಹೊತ್ತು ಬರುವ ದೊಡ್ಡ ಟ್ಯಾಂಕರ್ ಲಾರಿಯೊಂದು ತುಂಬುವಷ್ಟು. ಅಷ್ಟನ್ನೂ ಸೋಸಿ, ಒದ್ದೆ ಮಾಡಿ, ಮೈಯ ಬಿಸಿಗೆ ತರುವ ಕೆಲಸ ಮೂಗಿನದು. ಬಾಯಲ್ಲಿ ಉಸಿರಾಡುವವರು ಈ ಊಳಿಗವನ್ನು ಬಿಟ್ಟುಕೊಟ್ಟಂತೆ. ಮೂಗು ಕಟ್ಟಿದ ಮಗುವಿಗೆ ರಾತ್ರಿ ಒಣಕೆಮ್ಮು ಬರುವುದರಲ್ಲಿ ಇದರ ಪಾಲೂ ಇದೆ.

ಗಂಟಲಿನ ಕೆಳಗೆ ಹತ್ತು ಹನ್ನೆರಡು ಸೆಂಟಿಮೀಟರ್ ಉದ್ದದ ಶ್ವಾಸನಾಳ. ಕುಸಿಯದಂತೆ ಮೃದ್ವಸ್ಥಿಯ ಬಳೆಗಳು ಅದಕ್ಕೆ ಆಧಾರ. ಬಳೆಯ ಹಿಂಬದಿ ಮಾತ್ರ ತೆರೆದಿದೆ, ಬೆನ್ನಿಗೆ ಅಂಟಿಕೊಂಡಿರುವ ಅನ್ನನಾಳದಲ್ಲಿ ತುತ್ತು ಇಳಿಯಲು ಜಾಗ ಬೇಕಲ್ಲ. ಎದೆಯ ನಡುವೆ ನಾಳ ಎರಡಾಗಿ ಒಡೆಯುತ್ತದೆ. ಬಲಗವಲು ಅಗಲ, ಹೆಚ್ಚು ನೇರ. ನಗುತ್ತಾ ತಿನ್ನುವ ಮಗು ನೆಲಗಡಲೆಯನ್ನೋ ಅಡಿಕೆಯ ಚೂರನ್ನೋ ಒಳಕ್ಕೆ ಎಳೆದುಕೊಂಡರೆ ಅದು ಹೆಚ್ಚಾಗಿ ಬಲಕ್ಕೇ ಇಳಿಯುತ್ತದೆ. ನಿನ್ನೆಯವರೆಗೆ ಚೆನ್ನಾಗಿದ್ದ ಎರಡು ವರ್ಷದ ಮಗುವಿಗೆ ಇದ್ದಕ್ಕಿದ್ದ ಹಾಗೆ ಒಂದೇ ಬದಿಯಲ್ಲಿ ಸುಂಯ್‌ಗುಡುವ ದಮ್ಮು ಬಂತೆಂದರೆ ಅದು ದಮ್ಮಲ್ಲ, ಜಗಲಿಯಲ್ಲಿ ಬಿದ್ದಿದ್ದ ಅಡಿಕೆ ಎಂದು ಮೊದಲು ಅನುಮಾನ ಪಡಬೇಕು.

ಒಂದು ಎರಡಾಗಿ, ಎರಡು ನಾಲ್ಕಾಗಿ, ಸುಮಾರು 23 ಸಲ ಕವಲೊಡೆದ ಮೇಲೆ ಗಾಳಿಗೂಡುಗಳು ಸಿಗುತ್ತವೆ. ಇವುಗಳ ಸಂಖ್ಯೆ ಮೂವತ್ತು ಕೋಟಿಗೂ ಮೇಲೆ. ಎಲ್ಲವನ್ನೂ ಬಿಡಿಸಿ ಹಾಸಿದರೆ 70 ಚದರ ಮೀಟರಿನಷ್ಟು, ಅಂದರೆ ಸಣ್ಣ ಹಿಡುವಳಿದಾರನ ಒಂದು ಅಡಿಕೆ ಅಂಗಳದಷ್ಟು ಜಾಗ. ಅಷ್ಟು ದೊಡ್ಡ ಅಂಗಳವನ್ನು ಮಡಚಿ ಎದೆಗೂಡಿನಲ್ಲಿ ಇಟ್ಟಿದೆ. ಅಂಗಳದ ಒಂದು ಬದಿಯಲ್ಲಿ ಗಾಳಿ, ಇನ್ನೊಂದು ಬದಿಯಲ್ಲಿ ರಕ್ತ, ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ.

ನಾಳಗಳ ಒಳಗೋಡೆಗೆ ಲೋಳೆಯ ಲೇಪ, ಅದರಡಿಯಲ್ಲಿ ಸೂಕ್ಷ್ಮ ರೋಮಗಳು. ಸೆಕೆಂಡಿಗೆ ಹತ್ತು ಹದಿನೈದು ಸಲ ಇವು ಗಾಳಿಗೆ ಬಾಗುವ ಪೈರಿನ ಹಾಗೆ ಒಂದೇ ದಿಕ್ಕಿಗೆ ಬಾಗಿ ಲೋಳೆಯನ್ನು ಮೇಲಕ್ಕೆ ತಳ್ಳುತ್ತವೆ. ಲೋಳೆಗೆ ಅಂಟಿದ ಧೂಳೂ ರೋಗಾಣುವೂ ಗಂಟಲಿಗೆ ಬಂದು, ನಮಗೆ ಗೊತ್ತೇ ಆಗದೆ ಹೊಟ್ಟೆಗೆ ಇಳಿದು ನಾಶವಾಗುತ್ತವೆ. ಹೊಗೆಸೊಪ್ಪಿನ ಹೊಗೆ ಈ ರೋಮಗಳ ಕೈಕಾಲು ಕಟ್ಟುತ್ತದೆ. ಬೀಡಿ ಸೇದುವವರು ಬೆಳಗ್ಗೆ ಎದ್ದು ಬಾವಿಕಟ್ಟೆಯ ಬಳಿ ಹತ್ತು ನಿಮಿಷ ಕೆಮ್ಮುವುದಕ್ಕೆ ಕಾರಣ ಇದು. ರೋಮಗಳು ಮಾಡಬೇಕಾದ ಕೆಲಸವನ್ನು ಕೆಮ್ಮು ಮಾಡಬೇಕಾಗಿದೆ.

ಇನ್ನೊಂದು ಲೆಕ್ಕ ತಿಳಿದಿದ್ದರೆ ದಮ್ಮಿನ ಅರ್ಧ ಗುಟ್ಟು ತಿಳಿದ ಹಾಗೆ. ಕೊಳವೆಯ ಅಗಲ ಅರ್ಧಕ್ಕೆ ಇಳಿದರೆ ಅದರಲ್ಲಿ ಗಾಳಿ ಹರಿಯಲು ಇರುವ ಅಡ್ಡಿ ಎರಡು ಪಟ್ಟಲ್ಲ, ಹದಿನಾರು ಪಟ್ಟು ಏರುತ್ತದೆ. ನಾಳದ ಸುತ್ತ ಇರುವ ಸ್ನಾಯು ತುಸು ಬಿಗಿದು, ಒಳಪೊರೆ ತುಸು ಊದಿ, ಲೋಳೆ ತುಸು ಹೆಚ್ಚಿದರೆ ಸಾಕು, ನಿನ್ನೆ ತೋಟದ ಗುಡ್ಡೆ ಹತ್ತಿದವರು ಇಂದು ಜಗಲಿಯ ಮೆಟ್ಟಿಲಿಗೆ ಏದುತ್ತಾರೆ. ಇದೇ ಅಸ್ತಮಾ. ಇಲ್ಲಿ ಬಿಗಿತ ಬಂದದ್ದು ಹೋಗುತ್ತದೆ, ಹೋದದ್ದು ಮತ್ತೆ ಬರುತ್ತದೆ. ಉಸಿರು ಎಳೆಯುವಾಗ ಎದೆ ಹಿಗ್ಗಿ ನಾಳಗಳನ್ನೂ ಎಳೆದು ತೆರೆಯುತ್ತದೆ, ಬಿಡುವಾಗ ಅವು ಕುಗ್ಗುತ್ತವೆ. ಆದ್ದರಿಂದ ಅಸ್ತಮಾದ ನಿಜವಾದ ಕಷ್ಟ ಗಾಳಿ ಒಳಗೆ ಬರುವುದರಲ್ಲಿ ಅಲ್ಲ, ಹೊರಗೆ ಹೋಗುವುದರಲ್ಲಿ. ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆ. ರಾತ್ರಿಯಿಡೀ ಹಾಡುವ ಭಾಗವತರ ಇಡೀ ಪದ್ಯ ನಿಲ್ಲುವುದು ಹೊರಬಿಡುವ ಉಸಿರಿನ ಮೇಲೆ ಎಂಬುದನ್ನು ಯಕ್ಷಗಾನ ನೋಡಿದವರಿಗೆ ಹೇಳಿಕೊಡಬೇಕಾಗಿಲ್ಲ. ಅಸ್ತಮಾ ಕೆರಳಿದವರು ಒಂದು ವಾಕ್ಯವನ್ನು ಮೂರು ತುಂಡು ಮಾಡಿ ಆಡುವುದೂ ಇದೇ ಕಾರಣಕ್ಕೆ. ಅನುಭವಿ ವೈದ್ಯರು ಸ್ಟೆತಸ್ಕೋಪ್ ಇಡುವ ಮೊದಲೇ ಈ ತುಂಡುಗಳನ್ನು ಎಣಿಸಿರುತ್ತಾರೆ.

ಅಡಿಕೆಯ ನಾಡಿನವರಿಗೆ ಇಲ್ಲೊಂದು ಸ್ವಾರಸ್ಯ ಉಂಟು. ನಾಳದ ಸ್ನಾಯುವನ್ನು ಬಿಗಿಯುವ ನರದ ಸಂದೇಶವನ್ನು ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ವಸ್ತು ಅನುಕರಿಸುತ್ತದೆ. ವೀಳ್ಯ ಜಗಿಯುವ ಕೆಲವು ಅಸ್ತಮಾ ರೋಗಿಗಳಲ್ಲಿ ಶ್ವಾಸನಾಳ ಬಿಗಿಯುತ್ತದೆ ಎಂದು 1992ರಲ್ಲಿ ಬ್ರಿಟನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿಯಾಯಿತು. ಅದೇ ಸಂದೇಶವನ್ನು ತಡೆಯುವ ಗಿಡವೂ ನಮ್ಮ ಬೇಲಿಯ ಬದಿಯಲ್ಲೇ ಇದೆ, ಉಮ್ಮತ್ತ. ದಮ್ಮಿಗೆ ಉಮ್ಮತ್ತದ ಹೊಗೆ ಸೇದುವ ಪದ್ಧತಿಯನ್ನು 1802ರಲ್ಲಿ ಮದ್ರಾಸಿನಿಂದ ಬ್ರಿಟನ್ನಿಗೆ ಒಯ್ದವರು ಕಂಪೆನಿ ಕಾಲದ ಇಂಗ್ಲಿಷರು. ಇಂದು ಇನ್‌ಹೇಲರಿನಲ್ಲಿ ಸಿಗುವ ಇಪ್ರಟ್ರೋಪಿಯಂ ಆ ಗಿಡದ ಸತ್ವದ ಜಾತಿಯದೇ ಔಷಧ. ಆಡುಸೋಗೆಯ ವ್ಯಾಸಿಸಿನ್‌ನಿಂದ ಹೊಳೆದು ತಯಾರಾದದ್ದು ಕಫ ತೆಳುವಾಗಿಸುವ ಬ್ರೋಮ್‌ಹೆಕ್ಸಿನ್. ಹಾಗೆಂದು ಬೇಲಿಯ ಉಮ್ಮತ್ತವನ್ನು ಸುಟ್ಟು ಸೇದಲು ಹೋಗಬಾರದು. ಅದು ವಿಷ, ಪ್ರಮಾಣ ತಪ್ಪಿದರೆ ಬುದ್ಧಿ ಕೆಡುತ್ತದೆ, ಜೀವವೂ ಹೋಗುತ್ತದೆ. ಶೀತಕ್ಕೆ ಸಾಂಬಾರಬಳ್ಳಿಯ ರಸ, ಕಾಳುಮೆಣಸಿನ ಕಷಾಯ ಕುಡಿಯುವವರ ಜೊತೆ ಮಾತ್ರ ನನ್ನ ಜಗಳವಿಲ್ಲ. ಗಂಟಲಿಗೆ ಹಿತ, ಅಷ್ಟು ಸಾಕು.

ಅಸ್ತಮಾಕ್ಕೂ ಸಿ.ಒ.ಪಿ.ಡಿ. ಎಂದು ವೈದ್ಯರು ಚೀಟಿಯಲ್ಲಿ ಬರೆಯುವ ರೋಗಕ್ಕೂ ಇರುವ ಅಂತರ ಇಷ್ಟು. ಅಸ್ತಮಾದ ನಾಳ ಮುಚ್ಚಿ ತೆರೆಯುತ್ತದೆ. ಸಿ.ಒ.ಪಿ.ಡಿ.ಯಲ್ಲಿ ನಾಳ ದಪ್ಪಗಟ್ಟಿ, ಗಾಳಿಗೂಡಿನ ಗೋಡೆಗಳು ಒಡೆದು, ಅಂಗಳ ಶಾಶ್ವತವಾಗಿ ಕಿರಿದಾಗುತ್ತದೆ. ಒಡೆದ ಗೋಡೆ ಮತ್ತೆ ಕಟ್ಟಿಕೊಳ್ಳುವುದಿಲ್ಲ. 2016ರ ರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಸಿ.ಒ.ಪಿ.ಡಿ. ಇರುವವರು 5.53 ಕೋಟಿ, ಅಸ್ತಮಾ ಇರುವವರು 3.79 ಕೋಟಿ. ಜನರ ಬಾಯಲ್ಲಿ ಹೆಸರಿರುವುದು ಸಣ್ಣ ಸಂಖ್ಯೆಯ ರೋಗಕ್ಕೆ, ದೊಡ್ಡದಕ್ಕೆ ಹೆಸರೇ ಇಲ್ಲ.

ಹೆಸರಿಲ್ಲದ ಈ ರೋಗ ಹುಟ್ಟುವ ಜಾಗ ನಮ್ಮ ಮನೆಯ ಹಿಂಬದಿಯಲ್ಲೇ ಇದೆ. ತೋಟದ ಮನೆಯ ಬಚ್ಚಲನ್ನು ನೆನಪಿಸಿಕೊಳ್ಳಿ. ಮಣ್ಣಿನ ಒಲೆಯ ಮೇಲೆ ಹೂತಿಟ್ಟ ಹಂಡೆ, ಬಾಯಿಗೆ ತುರುಕಿದ ಕೊತ್ತಳಿಗೆ, ಮಡಲು, ಅಡಿಕೆ ಸಿಪ್ಪೆ. ಅಡಿಕೆ ಸಿಪ್ಪೆ ಚೆನ್ನಾಗಿ ಉರಿಯುವ ವಸ್ತುವಲ್ಲ, ಒಳಗೊಳಗೇ ಕಾಯುತ್ತದೆ, ಬಿಸಿಗಿಂತ ಹೊಗೆ ಹೆಚ್ಚು. ಮಳೆಗಾಲದಲ್ಲಿ ಸೌದೆಯೂ ಹಸಿ. ಅಮ್ಮಂದಿರು ಊದುಗೊಳವೆ ಬಾಯಿಗಿಟ್ಟು ಒಲೆಗೆ ಬಗ್ಗಿ ಊದಬೇಕು. ಊದಿದ ಮೇಲೆ ಮುಂದಿನ ಉಸಿರನ್ನು ಎಳೆದುಕೊಳ್ಳುವುದು ಎಲ್ಲಿಂದ? ಒಲೆಯ ಬಾಯಿಂದಲೇ. ಹೊಗೆ ಬೇಕಾದ ವಸ್ತುವೂ ಆಗಿತ್ತು ಎಂಬುದನ್ನು ಮರೆಯಬಾರದು. ಅಟ್ಟದಲ್ಲಿಟ್ಟ ಸಾಮಾನಿಗೆ ಹುಳ ಹಿಡಿಯದಿರಲು, ಮಾಡಿನ ಮರ ಕುಂಬಾಗದಿರಲು, ಸೊಳ್ಳೆ ಓಡಿಸಲು ಎಲ್ಲಕ್ಕೂ ಅದೇ. ಹಾಗಾಗಿ ಹೊಗೆಯಾಡುವ ಮನೆ ಎಂದರೆ ಬದುಕಿರುವ ಮನೆ ಎಂಬ ಭಾವನೆ ನಮ್ಮಲ್ಲಿ ಗಟ್ಟಿ.

ಮೈಸೂರಿನ ಜೆ.ಎಸ್.ಎಸ್. ವೈದ್ಯಕೀಯ ಕಾಲೇಜಿನ ಸಂಶೋಧಕರು ಮೈಸೂರು ಸುತ್ತಿನ ಹಳ್ಳಿಯ ಹೆಂಗಸರಲ್ಲಿ ಇದನ್ನೇ ಲೆಕ್ಕ ಹಾಕಿದರು. ದಿನಕ್ಕೆ ಎಷ್ಟು ಗಂಟೆ ಒಲೆಯ ಮುಂದೆ, ಎಷ್ಟು ವರ್ಷ ಎಂಬ ಎರಡು ಸಂಖ್ಯೆಗಳ ಗುಣಲಬ್ಧ ಅವರ ಅಳತೆಗೋಲು. ಅದು 60 ದಾಟಿದಾಗ ದೀರ್ಘಕಾಲದ ಕಫಕೆಮ್ಮಿನ ಅಪಾಯ ಎದ್ದು ಕಾಣತೊಡಗುತ್ತದೆ ಎಂದು ಅವರು ಕಂಡುಕೊಂಡರು. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷ. ಹದಿನೆಂಟಕ್ಕೆ ಮದುವೆಯಾಗಿ ಬಂದ ಹೆಣ್ಣು ಮೂವತ್ತೆಂಟರಲ್ಲಿ ಆ ಗಡಿ ಮುಟ್ಟುತ್ತಾಳೆ. ಒಂದೇ ಒಂದು ಬೀಡಿ ಸೇದದ ಹೆಂಗಸಿಗೆ ಬೀಡಿ ಸೇದುವವನ ಶ್ವಾಸಕೋಶ ಬರುವ ದಾರಿ ಇದು.

ಗ್ಯಾಸ್ ಬಂದ ಮೇಲೆ ಇದೆಲ್ಲ ಮುಗಿಯಿತಲ್ಲ ಎನ್ನಬಹುದು. ಅಡಿಗೆ ಒಲೆಗೆ ಗ್ಯಾಸ್ ಬಂತು, ಬಚ್ಚಲ ಒಲೆ ಹಾಗೇ ಉಳಿಯಿತು. ತೋಟದಲ್ಲಿ ಮಡಲು ಪುಕ್ಕಟೆ ಬಿದ್ದಿರುವಾಗ ಮೀಯುವ ನೀರಿಗೆ ಸಿಲಿಂಡರ್ ಸುಡಲು ಯಾರ ಮನಸ್ಸೂ ಒಪ್ಪುವುದಿಲ್ಲ. ಒಲೆಗೆ ಸರಿಯಾದ ಚಿಮಣಿ ಹಾಕಿಸುವುದು, ಬೆಂಕಿ ಹಾಕುವ ಬಾಯನ್ನು ಬಚ್ಚಲ ಗೋಡೆಯ ಹೊರಗೆ ಇಡುವುದು, ಸೌದೆಯನ್ನು ಬೇಸಿಗೆಯಲ್ಲೇ ಕೊಟ್ಟಿಗೆ ಸೇರಿಸುವುದು, ಇಷ್ಟು ಮಾಡಿದ ಮನೆಗಳೂ ಇವೆ. ಮನೆಯ ಎದುರಿನ ಜಗಲಿಗೆ ಗ್ರಾನೈಟ್ ಹಾಸಲು ಖರ್ಚು ಮಾಡುವವರು ಹಿಂದಿನ ಬಚ್ಚಲಿಗೆ ಏಕೆ ಮಾಡುವುದಿಲ್ಲ ಎಂದು ನಾನು ಒಂದೆರಡು ಮನೆಗಳಲ್ಲಿ ಕೇಳಿದ್ದೇನೆ. ಉತ್ತರವಾಗಿ ಕಾಫಿ ಬಂತು.

ಇನ್ನು ಬೀಡಿ. ನಮ್ಮ ಜಿಲ್ಲೆಗೆ ಬೀಡಿ ಬರೀ ಚಟವಲ್ಲ, ಅನ್ನ. ಮಂಜೇಶ್ವರದ ಕಡೆ ಹೆಂಗಸರು ಮನೆಯಲ್ಲೇ ಬೀಡಿ ಕಟ್ಟಿ ವಾರದ ಲೆಕ್ಕಕ್ಕೆ ಬ್ರಾಂಚಿಗೆ ಕೊಟ್ಟು ಮಕ್ಕಳನ್ನು ಓದಿಸಿದರು, ಮಗಳ ಮದುವೆಗೆ ಚಿನ್ನ ಮಾಡಿಸಿದರು. 1966ರ ಬೀಡಿ ಕಾರ್ಮಿಕರ ಕಾಯಿದೆಯನ್ನು ಕೇರಳ ಜಾರಿ ಮಾಡಲು ಹೊರಟಾಗ ಮಂಗಳೂರಿನ ಗಣೇಶ್ ಬೀಡಿಯವರು 1968ರಲ್ಲಿ ಇಲ್ಲಿನ ಕಾರ್ಖಾನೆಗಳನ್ನು ಮುಚ್ಚಿದರು, ಸಾವಿರಾರು ಜನ ಕೆಲಸ ಕಳೆದುಕೊಂಡರು. ಅವರಿಗಾಗಿ 1969ರಲ್ಲಿ ಕಣ್ಣೂರಿನಲ್ಲಿ ಹುಟ್ಟಿದ್ದು ದಿನೇಶ್ ಬೀಡಿ ಸಹಕಾರ ಸಂಘ. ಬೀಡಿಗೆ ಬೇಡಿಕೆ ಇಳಿದಾಗ ಅದೇ ಸಂಘ ಕೊಡೆಯನ್ನೂ ಮಸಾಲೆ ಪುಡಿಯನ್ನೂ ಮಾಡತೊಡಗಿತು. ಸಾರ್ವಜನಿಕ ಸ್ಥಳದಲ್ಲಿ ಸೇದುವುದನ್ನು ದೇಶಕ್ಕಿಂತ ಮೊದಲು ತಡೆದದ್ದು ಕೇರಳ ಹೈಕೋರ್ಟ್, 1999ರ ಜುಲೈ 12ರ ತೀರ್ಪಿನಲ್ಲಿ. ಬೀಡಿ ಕಟ್ಟುವ ರಾಜ್ಯವೇ ಬೀಡಿ ಸೇದುವುದನ್ನು ನಿಲ್ಲಿಸಿದ್ದು ಎಂದು ಆಗ ನಕ್ಕವರಿದ್ದರು. ನನಗೆ ಅದರಲ್ಲಿ ವಿರೋಧಾಭಾಸ ಕಾಣುವುದಿಲ್ಲ. ಕಟ್ಟುವವಳ ಗೆರಸೆಯಿಂದ ಏಳುವ ಹೊಗೆಸೊಪ್ಪಿನ ಧೂಳೂ ಒಂದು ಶ್ವಾಸಕೋಶಕ್ಕೇ ಹೋಗುತ್ತದೆ. ಸಿಗರೇಟಿಗಿಂತ ಬೀಡಿ ವಾಸಿ, ಎಲೆಯದಲ್ಲವೇ ಎಂಬ ನಂಬಿಕೆ ಮಾತ್ರ ಪೂರಾ ಸುಳ್ಳು. ಬೀಡಿಯಲ್ಲಿ ಹೊಗೆಸೊಪ್ಪು ಕಡಿಮೆ, ನಿಜ. ಆದರೆ ಎಲೆಯಲ್ಲಿ ಗಾಳಿ ಆಡುವುದಿಲ್ಲ, ಪದೇಪದೇ ಜೋರಾಗಿ ಎಳೆಯದಿದ್ದರೆ ಆರಿಹೋಗುತ್ತದೆ. ಆ ಎಳೆತವೇ ಹೊಗೆಯನ್ನು ಆಳಕ್ಕೆ ಇಳಿಸುತ್ತದೆ.

ಮಳೆಯ ಪಾಲು ಬೇರೆ ಬಗೆಯದು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಹೆಚ್ಚಿನದು ನಾಲ್ಕೇ ತಿಂಗಳಲ್ಲಿ. ಚಪ್ಪಲಿಗೆ, ಬೆಲ್ಟಿಗೆ, ಪೆಟ್ಟಿಗೆಯಲ್ಲಿಟ್ಟ ಪಟ್ಟೆ ಸೀರೆಗೆ ಬೂಷ್ಟು ಹಿಡಿಯುವ ಕಾಲದಲ್ಲಿ ಹಾಸಿಗೆ, ತಲೆದಿಂಬಿನೊಳಗೆ ಧೂಳುಹುಳ ಹೆಚ್ಚುತ್ತದೆ. ಕಣ್ಣಿಗೆ ಕಾಣದ ಈ ಜೀವಿ ನಮ್ಮ ಚರ್ಮದಿಂದ ಉದುರುವ ಹೊಟ್ಟು ತಿಂದು ಬದುಕುತ್ತದೆ, ಗಾಳಿಯ ತೇವ ಅದಕ್ಕೆ ನೀರು. ಅದರ ಹಿಕ್ಕೆಗೆ ಒಗ್ಗದ ಮೂಗು ಮೊದಲು ಸೋರುತ್ತದೆ, ವರ್ಷಗಳು ಕಳೆದಂತೆ ಕೆಲವರಲ್ಲಿ ಎದೆಯೂ ಸುಂಯ್‌ಗುಡುತ್ತದೆ. ಅದರ ಮೇಲೆ ಜೂನಿನಲ್ಲಿ ಶಾಲೆ ಶುರುವಾಗಿ ಮಕ್ಕಳು ಶೀತದ ವೈರಸ್ಸನ್ನು ಒಬ್ಬರಿಗೊಬ್ಬರು ಹಂಚುತ್ತಾರೆ. ಬೆಂಗಳೂರಿನಲ್ಲಿ ಮಕ್ಕಳ ವೈದ್ಯ ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳಲ್ಲಿ ಅಸ್ತಮಾದ ಪ್ರಮಾಣ 1979ರಲ್ಲಿ 9 ಶೇಕಡ ಇದ್ದದ್ದು 1999ರಲ್ಲಿ 29.5 ಶೇಕಡಕ್ಕೆ ಏರಿದ್ದನ್ನು ದಾಖಲಿಸಿದರು. ಅಲ್ಲಿ ವಾಹನದ ಹೊಗೆ ಎನ್ನುತ್ತೇವೆ. ಇಲ್ಲಿ ಮುಚ್ಚಿದ ಕಿಟಕಿ, ಒಣಗದ ಬಟ್ಟೆ, ಬೂರುಗದ ಹತ್ತಿಯ ಹಳೆಯ ಹಾಸಿಗೆ. ಬಿಸಿಲು ಬಿದ್ದ ದಿನ ಹಾಸಿಗೆಯನ್ನು ಅಂಗಳಕ್ಕೆ ಎಳೆಯುವ ಅಜ್ಜಿಯ ಹಟಕ್ಕೆ ವಿಜ್ಞಾನದ ಬೆಂಬಲ ಪೂರ್ತಿಯಾಗಿದೆ.

ತೋಟದಲ್ಲಿ ಮಳೆಗೆ ಮುಂಚೆ ಕೊಳೆರೋಗಕ್ಕೆ ಮದ್ದು ಬಿಡುತ್ತಾರೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ನೀಲಿ ಹನಿ ಮರದ ತಲೆಯಿಂದ ಮದ್ದು ಬಿಡುವವರ ಮೈಮೇಲೆಲ್ಲ ಇಳಿಯುತ್ತದೆ. ಪೋರ್ಚುಗಲ್ಲಿನ ದ್ರಾಕ್ಷಿ ತೋಟಗಳಲ್ಲಿ ಇದೇ ಬೋರ್ಡೋ ದ್ರಾವಣವನ್ನು ವರ್ಷಗಟ್ಟಲೆ ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಗಂಟುಗಳಾದದ್ದನ್ನು 1969ರಲ್ಲಿ ಅಲ್ಲಿನ ವೈದ್ಯರು ವರದಿ ಮಾಡಿದರು. ಮದ್ದು ಬಿಡುವವರಿಗೆ ಕೂಲಿಯ ಜೊತೆಗೆ ಒಂದು ಒಳ್ಳೆಯ ಮುಖಕವಚ ಕೊಡುವುದು ತೋಟದ ಯಜಮಾನರಿಗೆ ಭಾರವೇನಲ್ಲ. ದೋಟಿಯಲ್ಲಿ ನೆಲದಿಂದಲೇ ಮದ್ದು ಬಿಡುವ ಹೊಸ ಕ್ರಮದಲ್ಲಿ ಮರದಿಂದ ಬೀಳುವ ಅಪಾಯ ತಪ್ಪಿತು, ಹನಿ ಮುಖಕ್ಕೇ ಬೀಳುವುದು ತಪ್ಪಲಿಲ್ಲ. ಕಪ್ಪುಕಲ್ಲಿನ ಕ್ರಷರಿನಲ್ಲಿ ದುಡಿಯುವವರ ಅಪಾಯ ಇದಕ್ಕಿಂತ ದೊಡ್ಡದು. ಕಲ್ಲಿನ ಸಿಲಿಕಾ ಧೂಳು ಒಮ್ಮೆ ಗಾಳಿಗೂಡಿಗೆ ಇಳಿದರೆ ಹೊರಬರುವ ದಾರಿ ಇಲ್ಲ. ಹೆದ್ದಾರಿ ಅಗಲವಾಗುವಾಗ ಎದ್ದ ಕೆಂಪು ಧೂಳಿನಲ್ಲಿ ಕಣ್ಣಿಗೆ ಕಾಣುವಷ್ಟು ದಪ್ಪನೆಯದನ್ನು ಮೂಗು ಹಿಡಿಯುತ್ತದೆ. ಕಾಣದ್ದು, ಕೂದಲಿನ ಇಪ್ಪತ್ತು ಮೂವತ್ತನೆಯ ಒಂದು ಪಾಲಿನಷ್ಟು ಸಣ್ಣದು, ತಳದವರೆಗೆ ಹೋಗುತ್ತದೆ.

ಈ ಜಿಲ್ಲೆಯ ಗಾಳಿಯ ಬಗ್ಗೆ ಬರೆದು ಎಂಡೋಸಲ್ಫಾನ್ ಹೆಸರೆತ್ತದಿದ್ದರೆ ಆಗುವುದಿಲ್ಲ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್ ಸುರಿದ ವಿಷವನ್ನು ಎಣ್ಮಕಜೆಯ ಪಡ್ರೆ, ಸ್ವರ್ಗದ ಜನ ಉಸಿರಾಡಿದರು, ಕುಡಿದರು. ವೈದ್ಯ ವೈ. ಎಸ್. ಮೋಹನ ಕುಮಾರ್, ಪತ್ರಕರ್ತ ಶ್ರೀಪಡ್ರೆ ಅದನ್ನು ಲೋಕಕ್ಕೆ ತೋರಿಸಿದರು. 2011ರ ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲೆಲ್ಲ ಅದನ್ನು ತಡೆಯಿತು. ಆದರೆ ಅಲ್ಲಿ ಕಂಡ ದುರಂತ ಮುಖ್ಯವಾಗಿ ನರಮಂಡಲದ್ದು, ಹುಟ್ಟಿನಿಂದಲೇ ಬಂದ ಊನಗಳದ್ದು. ಜಿಲ್ಲೆಯ ದಮ್ಮನ್ನೆಲ್ಲ ಅದರ ಖಾತೆಗೆ ಬರೆದರೆ ಆ ಮಕ್ಕಳಿಗೂ ಅನ್ಯಾಯ, ಬಚ್ಚಲ ಒಲೆಯ ಮುಂದಿರುವವರಿಗೂ ಅನ್ಯಾಯ.

ಸೋಂಕುಗಳಲ್ಲಿ ಕ್ಷಯವನ್ನು ಮೊದಲು ಹೇಳಬೇಕು. ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಭಾರತದವರು. ಒಂದು ಕಾಲಕ್ಕೆ ಕ್ಷಯ ಎಂದರೆ ಊರ ಹೊರಗಿನ ಸ್ಯಾನಟೋರಿಯಂ. ಪಕ್ಕದ ಪರಿಯಾರಂನ ವೈದ್ಯಕೀಯ ಕಾಲೇಜು ಇರುವ ಜಾಗ ಹಿಂದೆ ಅಂಥದೇ ಆಗಿತ್ತು. ಆ ಕಾಲವನ್ನು ಮುಗಿಸಿದ್ದು ಮದ್ರಾಸಿನಲ್ಲಿ 1956ರಲ್ಲಿ ಆರಂಭವಾದ ಕೇಂದ್ರವೊಂದರ ಪ್ರಯೋಗ. ಕಾಸರಗೋಡು ಮದ್ರಾಸ್ ಕೈಬಿಟ್ಟು ಕೇರಳಕ್ಕೆ ಸೇರಿದ್ದೂ ಅದೇ ವರ್ಷ. ಬಡವರ ಇಕ್ಕಟ್ಟಿನ ಮನೆಯಲ್ಲೇ ಮಾತ್ರೆ ಕೊಟ್ಟರೂ ಸ್ಯಾನಟೋರಿಯಂನಷ್ಟೇ ಗುಣವಾಗುತ್ತದೆ, ಮನೆಯವರಿಗೆ ಹೆಚ್ಚಿನ ಅಪಾಯವೂ ಇಲ್ಲ ಎಂದು 1959ರಲ್ಲಿ ಆ ಕೇಂದ್ರದವರು ತೋರಿಸಿದರು. ಜಗತ್ತೇ ಆ ದಾರಿ ಹಿಡಿಯಿತು. ಇಂದು ಪರೀಕ್ಷೆಯೂ ಮದ್ದೂ ಪುಕ್ಕಟೆ, ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ 2024ರ ನವೆಂಬರಿನಿಂದ 1,000 ಆಗಿದೆ. ಕಡಿಮೆಯಾಗದೆ ಉಳಿದದ್ದು ನಾಚಿಕೆ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಎಂಬ ಸರಳ ನಿಯಮವನ್ನು ‘ನಮ್ಮ ಮನೆಯಲ್ಲಿ ಅಂಥದ್ದಿಲ್ಲ’ ಎಂಬ ಒಂದು ಮಾತು ತಿಂಗಳುಗಟ್ಟಲೆ ಮುಂದೂಡುತ್ತದೆ. ಕ್ಷಯ ಗುಣವಾದರೂ ಅದರ ಕಲೆ ಉಳಿದು, ಹತ್ತು ವರ್ಷದ ಮೇಲೆ ಅದೂ ದಮ್ಮು ಎಂದೇ ಕರೆಸಿಕೊಳ್ಳುತ್ತದೆ.

ಮಕ್ಕಳ ನ್ಯುಮೋನಿಯಾಕ್ಕೆ ಉಪಕರಣವೇ ಬೇಡ, ಗಡಿಯಾರ ಸಾಕು. ಮಗು ಅಳದೆ ಸುಮ್ಮನಿದ್ದಾಗ ಇಡೀ ಒಂದು ನಿಮಿಷ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಶಿಶುವಿಗೆ 60, ವರ್ಷದೊಳಗಿನದಕ್ಕೆ 50, ಐದು ವರ್ಷದೊಳಗಿನದಕ್ಕೆ 40. ಅಷ್ಟು ಮುಟ್ಟಿದರೆ, ಅಥವಾ ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಬೆಳಗಾಗಲಿ ಎಂದು ಕಾಯುವಂತಿಲ್ಲ.

ಕೋವಿಡ್ ದೇಶಕ್ಕೆ ಬಂದ ದಾರಿಯಲ್ಲಿ ನಮ್ಮ ಜಿಲ್ಲೆಯೂ ಇತ್ತು. 2020ರ ಫೆಬ್ರವರಿ 3ರಂದು ದೃಢಪಟ್ಟ ದೇಶದ ಮೂರನೆಯ ಪ್ರಕರಣ ಕಾಞಂಗಾಡಿನದು, ವುಹಾನ್‌ನಿಂದ ಮರಳಿದ ವಿದ್ಯಾರ್ಥಿಯದು. ಮಾರ್ಚಿನಲ್ಲಿ ದುಬೈಯಿಂದ ಬಂದವರ ಮೂಲಕ ಸೋಂಕು ಹಬ್ಬಿತು. ಕರ್ನಾಟಕ ತಲಪಾಡಿಯಲ್ಲಿ ಗಡಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗುವುದು ನಮಗೆ ಹೊರರಾಜ್ಯಕ್ಕೆ ಹೋಗುವುದಲ್ಲ, ಪೇಟೆಗೆ ಹೋಗಿ ಬಂದಂತೆ. ಆ ದಾರಿ ಒಂದು ರಾತ್ರಿಯಲ್ಲಿ ಇಲ್ಲವಾಯಿತು. ಆಂಬುಲೆನ್ಸ್ ಗಡಿ ದಾಟಲಾಗದೆ ಹಲವರು ಪ್ರಾಣ ಬಿಟ್ಟದ್ದನ್ನು ಪತ್ರಿಕೆಗಳು ವರದಿ ಮಾಡಿದವು. ಕೇರಳ ಹೈಕೋರ್ಟ್ ಏಪ್ರಿಲ್ 1ರಂದು ಆದೇಶ ಕೊಟ್ಟಿತು, ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ ರೋಗಿಗಳನ್ನು ಬಿಡಲು ಒಪ್ಪಂದವಾಯಿತು. 2013ರಲ್ಲಿ ಶಿಲಾನ್ಯಾಸವಾಗಿ ನೆನೆಗುದಿಗೆ ಬಿದ್ದಿದ್ದ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿನ ಕಟ್ಟಡ ಅದೇ ಏಪ್ರಿಲಿನಲ್ಲಿ ಕೋವಿಡ್ ಆಸ್ಪತ್ರೆಯಾಯಿತು. ತೆಕ್ಕಿಲ್‌ನಲ್ಲಿ ಟಾಟಾದವರು ಐನೂರಕ್ಕೂ ಹೆಚ್ಚು ಹಾಸಿಗೆಯ ಆಸ್ಪತ್ರೆ ಕಟ್ಟಿಕೊಟ್ಟರು. ಅರುವತ್ತನಾಲ್ಕು ವರ್ಷ ಹಳೆಯ ಗಡಿ ಗಂಟಲಿಗೆ ಎಲ್ಲಿ ಒತ್ತುತ್ತದೆ ಎಂದು ಆ ಎರಡು ವಾರಗಳಲ್ಲಿ ತಿಳಿಯಿತು. ಕೋವಿಡ್‌ನಿಂದ ಮನೆಗಳಿಗೆ ಬಂದ ಒಂದು ಒಳ್ಳೆಯ ವಸ್ತು ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್. ಉಸಿರಿನ ಸ್ಥಿತಿಯನ್ನು ಸಂಖ್ಯೆಯಲ್ಲಿ ಹೇಳಬಹುದೆಂದು ಬಹಳ ಮಂದಿ ಮೊದಲ ಬಾರಿ ಕಂಡದ್ದು ಆಗಲೇ. ಈಗ ಅದು ಹೆಚ್ಚಿನ ಮನೆಗಳಲ್ಲಿ ಬ್ಯಾಟರಿ ಇಲ್ಲದೆ ಡ್ರಾಯರಿನಲ್ಲಿದೆ.

ಮದ್ದಿನ ಮಾತಿಗೆ ಬಂದರೆ, ಎಲ್ಲ ಭಾಷೆಯವರೂ ಒಂದಾಗುವುದು ಇನ್‌ಹೇಲರ್ ಎಂಬ ಪಂಪಿನ ಭಯದಲ್ಲಿ. ‘ಪಂಪು ಒಮ್ಮೆ ಶುರುಮಾಡಿದರೆ ಬಿಡಲಿಕ್ಕೆ ಆಗುವುದಿಲ್ಲ.’ ಲೆಕ್ಕ ತಿರುವುಮುರುವು. ಸಾಲ್ಬುಟಮಾಲ್ ಮಾತ್ರೆ ಒಂದರಲ್ಲಿ 4 ಮಿಲಿಗ್ರಾಂ ಮದ್ದು, ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ, ನಲುವತ್ತರಲ್ಲಿ ಒಂದು ಪಾಲು. ಮಾತ್ರೆ ಹೊಟ್ಟೆಗೆ ಹೋಗಿ ಮೈಯೆಲ್ಲ ಸುತ್ತಿ ಕೈ ನಡುಗಿಸಿ ಎದೆ ಬಡಿತ ಹೆಚ್ಚಿಸುತ್ತದೆ. ಪಂಪಿನದು ನೇರ ನಾಳಕ್ಕೆ. ಇನ್ನೂ ಮುಖ್ಯವಾದದ್ದು, ತಕ್ಷಣ ಹಾಯೆನಿಸುವ ಈ ಮದ್ದು ಬಿಗಿತವನ್ನು ಬಿಡಿಸುತ್ತದೆಯೇ ಹೊರತು ಊತವನ್ನು ಇಳಿಸುವುದಿಲ್ಲ. ಊತಕ್ಕೆ ಉಸಿರಲ್ಲಿ ಎಳೆಯುವ ಸ್ಟಿರಾಯಿಡ್ ಬೇಕು. ಹಾಯೆನಿಸುವುದನ್ನಷ್ಟೇ ಬಳಸಿ ಅಸ್ತಮಾ ನಿಭಾಯಿಸಬಾರದು ಎಂದು 2019ರಿಂದ ಅಂತಾರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತಿದೆ. ನಮ್ಮಲ್ಲಿ ಆಗುವುದು ಅದರ ಉಲ್ಟಾ. ಹಾಯೆನಿಸುವುದು ತೀರುವವರೆಗೆ, ಇನ್ನೊಂದು ‘ಏನೂ ಗೊತ್ತಾಗುವುದಿಲ್ಲ’ ಎಂದು ಮೂಲೆಗೆ. ತಿರುಗಿಸಿ ಎಳೆಯುವ ಯಂತ್ರಕ್ಕೆಂದು ಕೊಟ್ಟ ಕ್ಯಾಪ್ಸೂಲನ್ನು ಮೂರು ತಿಂಗಳು ನೀರಿನೊಡನೆ ನುಂಗಿದ ಹಿರಿಯರೊಬ್ಬರನ್ನು ನಾನು ಬಲ್ಲೆ. ತಪ್ಪು ಅವರದಲ್ಲ. ಅವರಿಗೆ ಬರುವ ಭಾಷೆಯಲ್ಲಿ ಯಾರೂ ತೋರಿಸಿಕೊಟ್ಟಿರಲಿಲ್ಲ.

2017ರಲ್ಲಿ ಶುರುವಾದ ಆರ್ದ್ರಂ ಯೋಜನೆಯಡಿ ಕೇರಳದ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಕುಟುಂಬ ಆರೋಗ್ಯ ಕೇಂದ್ರಗಳಾದಾಗ ‘ಶ್ವಾಸ್’ ಕ್ಲಿನಿಕ್ಕುಗಳೂ ಬಂದವು. ಸ್ಪೈರೋಮೀಟರ್ ಎಂಬ, ದೊಡ್ಡ ಆಸ್ಪತ್ರೆಯಲ್ಲಷ್ಟೇ ಇದ್ದ ಯಂತ್ರ ಹಳ್ಳಿಯ ಹತ್ತಿರಕ್ಕೆ ಬಂದದ್ದು ಹೀಗೆ. ನನ್ನ ಲೆಕ್ಕದಲ್ಲಿ ಈ ಜಿಲ್ಲೆಯ ದಮ್ಮಿನ ಕಥೆಯಲ್ಲಿ ಹೊಸ ಔಷಧಗಳಿಗಿಂತ ದೊಡ್ಡ ಸಂಗತಿ ಇದು. ಪರೀಕ್ಷೆ ಸರಳ. ಎದೆ ತುಂಬ ಗಾಳಿ ಎಳೆದು, ಕೊಳವೆಗೆ ಬಾಯಿಟ್ಟು, ಒಂದೇ ಸಲಕ್ಕೆ ಜೋರಾಗಿ, ಗಾಳಿ ಮುಗಿಯುವವರೆಗೆ ಊದಬೇಕು. ಊದಿದ ಒಟ್ಟು ಗಾಳಿಯಲ್ಲಿ ಮೊದಲ ಒಂದು ಸೆಕೆಂಡಿಗೆ ಎಷ್ಟು ಹೊರಬಂತು ಎಂಬುದೇ ಆ ಸಂಖ್ಯೆ. ಆರೋಗ್ಯವಂತರಲ್ಲಿ ಮುಕ್ಕಾಲು ಪಾಲಿನಷ್ಟು ಬರುತ್ತದೆ. ನೂರಕ್ಕೆ ಎಪ್ಪತ್ತಕ್ಕಿಂತ ಕೆಳಗಿಳಿದರೆ ನಾಳಗಳಲ್ಲಿ ಅಡ್ಡಿ ಇದೆ. ಪಂಪು ಕೊಟ್ಟು ಕಾಲು ಗಂಟೆ ಬಿಟ್ಟು ಮತ್ತೆ ಊದಿಸುತ್ತಾರೆ. ಅಳತೆ ಚೆನ್ನಾಗಿ ಏರಿದರೆ ಅಸ್ತಮಾದ ಕಡೆಗೆ ಬೆರಳು, ಏರದೆ ಅಲ್ಲೇ ನಿಂತರೆ ಸಿ.ಒ.ಪಿ.ಡಿ.ಯ ಕಡೆಗೆ. ಊದಿದ್ದು ಸರಿಯಾಗಿಯೇ ಇದ್ದು ದಮ್ಮು ಮಾತ್ರ ಇದ್ದರೆ ಹೃದಯವನ್ನೋ ರಕ್ತವನ್ನೋ ನೋಡಬೇಕು. ಮಲಗಿದಾಗ ಉಸಿರು ಕಟ್ಟಿ, ಎದ್ದು ಕೂತರೆ ಸರಿಯಾಗುವ ದಮ್ಮು ಹೆಚ್ಚಾಗಿ ಹೃದಯದ್ದು.

ಅಂಥ ಒಂದು ಕ್ಲಿನಿಕ್ಕಿಗೆ ಒಂದು ಬೆಳಗ್ಗೆ ನೆರೆಮನೆಯ ಎಪ್ಪತ್ತು ದಾಟಿದ ಅಜ್ಜಿಯೊಬ್ಬರ ಜೊತೆ ನಾನು ಹೋಗಿದ್ದೆ. ಅವರಿಗೆ ಹವ್ಯಕ ಕನ್ನಡ, ತುಳು ಬಿಟ್ಟು ಬೇರೆ ಬಾರದು. ಪರೀಕ್ಷೆ ಮಾಡುವ ಹುಡುಗಿ ದಕ್ಷಿಣದ ಕಡೆಯವಳು, ಅವಳಿಗೆ ಮಲಯಾಳ ಮಾತ್ರ. ನಾನು ನಡುವೆ ನಿಂತು ಅನುವಾದ ಮಾಡಲು ಬಾಯಿ ತೆರೆಯುವುದರೊಳಗೆ ಹುಡುಗಿ ಕೊಳವೆ ಕೊಟ್ಟು ‘ಊದ್, ಅಮ್ಮೇ, ಊದ್, ಊದ್’ ಎಂದಳು. ಅಜ್ಜಿಗೆ ಅನುವಾದ ಬೇಕಾಗಲಿಲ್ಲ. ಬಚ್ಚಲ ಒಲೆಯ ಊದುಗೊಳವೆಯನ್ನು ಐವತ್ತು ವರ್ಷ ಹಿಡಿದ ಹಿಡಿತದಲ್ಲೇ ಅದನ್ನು ಹಿಡಿದು, ಕಣ್ಣು ಮುಚ್ಚಿ, ಸ್ವಲ್ಪ ಬಗ್ಗಿ ಊದಿದರು. ಪರದೆಯ ಮೇಲೆ ಗೆರೆ ಏರಿ, ಅರ್ಧಕ್ಕೇ ಬಾಗಿ, ನೆಲಕ್ಕೆ ಸಮನಾಗಿ ಬಹಳ ಹೊತ್ತು ಎಳೆದುಕೊಂಡು ಹೋಯಿತು. ಮುಗಿದ ಮೇಲೆ ಅವರು ಅಭ್ಯಾಸದಂತೆ ಕೊಳವೆಯ ತುದಿಯನ್ನು ಸೆರಗಿನಲ್ಲಿ ಒರೆಸಿ ಹುಡುಗಿಯ ಕೈಗೆ ಕೊಟ್ಟರು, ‘ಹೊತ್ತಿತಾ?’ ಎಂದು ಕೇಳಿದರು.